ಬಾಯಿ ನೋಡುವ ಮಕ್ಕಳು

ಮೇಸ್ತ್ರಿ ಬೈದದ್ದು ಯಾರಿಗೂ ಕೇಳಿಸಲಿಲ್ಲ. ಕಾಣಿಸಿತು. ಮಗ್ಗಗಳ ಸಾಲಿನ ಆಚೆ, ಕಂಬದ ಪಕ್ಕ ನಿಂತು, ಬಾಯನ್ನು ಅಗಲಕ್ಕೆ ತೆರೆದು, ಒಂದೊಂದು ಅಕ್ಷರಕ್ಕೂ ತುಟಿಯನ್ನು ಬೇರೆಬೇರೆ ಹಿಂಡಿ ಅವನು ಹೇಳಿದ: "ಹಾಳಾದ್ ಮುಂಡೆ, ಎಳೆ ಹರ್ದು ಎಷ್ಟೊತ್ತಾಯ್ತು? ಕಣ್ಣೇನು ತಿಕದಲ್ಲಿ ಇಟ್ಕೊಂಡಿದೀಯಾ?"

ಎಳೆಗಣ್ಣಿ ಅದನ್ನು ಅವನ ತುಟಿಯ ಮೇಲೇ ಓದಿಕೊಂಡಳು. ಮಗ್ಗ ನಿಲ್ಲಿಸಿ, ಹರಿದ ಎಳೆಯನ್ನು ಹುಡುಕಿ, ಬೆರಳಲ್ಲಿ ಹೊಸೆದು ಗಂಟು ಹಾಕಿ ಮತ್ತೆ ಬಿಟ್ಟಳು. ಅವನು ಬೆನ್ನು ತಿರುಗಿಸಿದ ಮೇಲೆ ಅವನ ತಾಯಿಯ ಬಗ್ಗೆ ಹೇಳಬೇಕಾದ್ದನ್ನೆಲ್ಲ ಬಾಯಿ ತುಂಬ ಹೇಳಿದಳು. ಆಚೆ ಮಗ್ಗದ ಕೆಂಚಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವೂ ಯಾರಿಗೂ ಕೇಳಿಸಲಿಲ್ಲ.

ಆ ಶೆಡ್ಡಿನಲ್ಲಿ ಎಲ್ಲ ಮಾತೂ ಹೀಗೆಯೇ. ಕರೆಂಟಿನ ಮಗ್ಗಗಳು ಒಟ್ಟಿಗೆ ಬಡಿಯುವ ಜಾಗದಲ್ಲಿ ಗಂಟಲು ಹರಿದುಕೊಳ್ಳುವವನು ಹೊಸಬನೇ ಇರಬೇಕು. ಹಳಬರಿಗೆ ತುಟಿ ಮತ್ತು ಕೈ ಸಾಕು. ನೀರು ಬೇಕೆಂದರೆ ಹೆಬ್ಬೆರಳು ತುಟಿಗೆ, ಮೇಸ್ತ್ರಿ ಬಂದನೆಂದರೆ ಮೂಗಿನ ಕೆಳಗೆ ಮೀಸೆಯ ಬೆರಳು, ಸಾಹುಕಾರ ಬಂದನೆಂದರೆ ಹೊಟ್ಟೆಯ ಮುಂದೆ ದುಂಡಗೆ ಎರಡು ಕೈ. ಹೆಂಗಸರು ಗಂಡು ನೋಡುವ ಸುದ್ದಿ, ಜಗಳ, ಕಂಡವರ ಮನೆಯ ಗುಟ್ಟು, ಎಲ್ಲವನ್ನೂ ಹೀಗೆಯೇ ಆಡಿ ಮುಗಿಸುತ್ತಿದ್ದರು. ಮನೆಗೆ ಹೋದರೂ ಬದಲಾವಣೆಯೇನಿಲ್ಲ. ಮನೆ ಅಂದರೆ ಶೆಡ್ಡಿನ ಹಿಂದಿನ ಗೋಡೆಗೇ ಒರಗಿಸಿ ಸಾಹುಕಾರ ಕಟ್ಟಿಸಿದ ಸಾಲುಕೋಣೆಗಳು. ಗೋಡೆ ಹಗಲೂ ರಾತ್ರಿ ನಡುಗುತ್ತಿತ್ತು. ಗೂಡಿನಲ್ಲಿಟ್ಟ ಲೋಟ ತಾನಾಗಿಯೇ ಅಂಚಿಗೆ ಸರಿದು ಬೀಳುತ್ತಿತ್ತು.

ಎಳೆಗಣ್ಣಿಯ ಅತ್ತೆ ಅದೇ ಶೆಡ್ಡಿನಲ್ಲಿ ಮುದುಕಿಯಾದವಳು. ಅವಳ ಎರಡೂ ಕಿವಿ ಎಂದೋ ಹೋಗಿದ್ದವು. ಅವಳ ಹತ್ತಿರ ಎದುರಿಗೆ ನಿಂತು ಬಾಯಿ ಆಡಿಸಿದರೆ ಮಾತ್ರ ಕೆಲಸ ನಡೆಯುತ್ತಿತ್ತು. ಗಂಡ ರಾತ್ರಿ ಪಾಳಿಯವನು. ಇವಳು ಹೊಸಿಲು ದಾಟಿ ಹೊರಗೆ ಬರುವಾಗ ಅವನು ಒಳಗೆ ಹೋಗಿ ಬೀಳುತ್ತಿದ್ದ. ಇಬ್ಬರ ನಡುವೆ ಇದ್ದ ಮಾತೂ ಕೈಸನ್ನೆಯಷ್ಟೇ.

ಮಗಳು ಹಸಿಗೂಸಾಗಿದ್ದಾಗಲೇ ಶೆಡ್ಡಿಗೆ ಬಂದವಳು. ಮಗ್ಗದ ಕೆಳಗೆ, ಕಾಲಿಗೆ ಸಿಗದ ಮೂಲೆಯಲ್ಲಿ, ನೂಲಿನ ಬುಟ್ಟಿಯೊಳಗೆ ರದ್ದಿ ಬಟ್ಟೆ ಹಾಸಿ ಮಲಗಿಸಿದ್ದು. ಬೇರೆಯವರ ಕೂಸುಗಳು ಲಾಳಿಯ ಹೊಡೆತಕ್ಕೆ ಬೆಚ್ಚಿ ಬೆಚ್ಚಿ ಅತ್ತು ಮೇಸ್ತ್ರಿಯ ಬೈಗುಳಕ್ಕೆ ದಾರಿ ಮಾಡುತ್ತಿದ್ದವು. ಇವಳದು ಹಾಲು ಕುಡಿದರೆ ಮುಗಿಯಿತು, ಸದ್ದಿಲ್ಲ. "ಜಾಣೆ ಕಣೇ ನಿನ್ ಮಗ್ಳು" ಎಂದು ಸಾಲಿನ ಹೆಂಗಸರೆಲ್ಲ ಹೊಟ್ಟೆಕಿಚ್ಚುಪಟ್ಟರು. ಎಳೆಗಣ್ಣಿ ಬೀಗಿದಳು. ಜಾಣೆ ಎಂಬುದೇ ಹೆಸರಾಗಿ ನಿಂತಿತು. ನಡೆಯುವ ಹೊತ್ತಿಗೆ ಆ ಮಗು ಯಾರು ಯಾವ ಮಗ್ಗದಿಂದ ಏನು ಹೇಳಿದರೂ ತುಟಿ ನೋಡಿ ತಿಳಿದು, ನೀರು, ಕತ್ತರಿ, ನೂಲು, ಕೇಳಿದ್ದನ್ನು ಕೇಳಿದವರಿಗೆ ಓಡಿ ಕೊಡುತ್ತಿತ್ತು.

ಅವತ್ತು ಪಾಳಿ ಬಿಡುವಾಗ ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ. ಹೊರಗಿನ ಗಾಳಿಯಲ್ಲಿ ಅವನ ದನಿ ಕೇಳಿಸಿತು.

"ಶಾಲೆಗೆ ಸೇರೋ ಮಕ್ಕಳ್ನೆಲ್ಲ ನಾಳೆ ಕರ್ಕೊಂಡ್ ಬನ್ನಿ. ಕಿವಿ, ಮಾತು ಟೆಸ್ಟ್ ಮಾಡ್ತಾರೆ. ಮುಖ ತೊಳ್ಸಿ ತನ್ನಿ, ಸಾಹುಕಾರ್ರು ಬರ್ತಾರೆ, ಫೋಟೋ ಇದೆ. ಸಿಂಬಳ ಸುರಿಸ್ಕೊಂಡ್ ಬಂದ್ರೆ ಚರ್ಮ ಸುಲೀತೀನಿ."

"ಫೇಲಾದ್ರೆ?" ಕೆಂಚಿ ಕೇಳಿದಳು.

"ಆದ್ರೆ ಏನು? ನೂಲು ಸುತ್ತಕ್ಕೆ ಕಿವಿ ಬೇಕಾ?"

ಶಾಲೆ ಸಾಹುಕಾರನದೇ. ಹೋದ ವರ್ಷ ಕೊನೆಯ ಕೋಣೆಯವರ ಹುಡುಗಿ ಈ ಟೆಸ್ಟಿನಲ್ಲಿ ನಿಂತುಹೋಗಿತ್ತು. ದೊಡ್ಡ ಊರಿನ ಆಸ್ಪತ್ರೆಗೆ ತೋರಿಸಿ, ಕಿವಿಗೆ ಮಿಶನ್ ಹಾಕುತ್ತಾರೆ ಎಂದು ಡಾಕ್ಟರು ಹೇಳಿ ಹೋಗಿದ್ದರಂತೆ. ದೊಡ್ಡ ಊರಿಗೆ ಹೋಗಲು ರಜೆ ಕೊಡುವವರಾರು? ಶಾಲೆಯವರು ಇಂಥ ಮಕ್ಕಳನ್ನು ನಾವು ನೋಡಿಕೊಳ್ಳಲಾರೆವು ಎಂದರು. ಆ ಹುಡುಗಿ ಈಗ ಶೆಡ್ಡಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೂಲು ಸುತ್ತುತ್ತಿತ್ತು. ಎಳೆಗಣ್ಣಿ ದಿನವೂ ಅದರ ಪಕ್ಕದಿಂದ ಹಾದುಹೋಗುತ್ತಿದ್ದಳು. 'ನನ್ನದಕ್ಕೆ ಆ ಗತಿ ಬರಲ್ಲ, ನನ್ನದು ಜಾಣೆ' ಎಂದುಕೊಳ್ಳುತ್ತಿದ್ದಳು.

*

ಶಾಲೆಯ ಹಾಲಿನಲ್ಲಿ ಒಂದು ಕಡೆ ಹೊಸ ಚೀಲಗಳ ರಾಶಿ, ಇನ್ನೊಂದು ಕಡೆ ಗೋಡೆಗೆ ಬೆಂಚು. ಪಾಸಾದ ಮಗುವಿಗೆ ಸಾಹುಕಾರ ತಾನೇ ಚೀಲ ತೊಡಿಸುತ್ತಿದ್ದ, ಕ್ಯಾಮೆರಾದವನು ಕ್ಲಿಕ್ ಎನ್ನಿಸುತ್ತಿದ್ದ. ಆಗದ ಮಗು ಬೆಂಚಿಗೆ ಹೋಗಿ ಕೂರುತ್ತಿತ್ತು. ತನ್ನನ್ನು ಯಾಕೆ ಅಲ್ಲಿ ಕೂರಿಸಿದರೆಂದು ತಿಳಿಯದೆ ಕಾಲು ಆಡಿಸುತ್ತಿತ್ತು.

ಕಿವಿ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಬೆಳಗಿನಿಂದ ಮಾತಾಡಿ ಅವಳ ಗಂಟಲು ಕಟ್ಟಿತ್ತು. ಮೇಜಿನ ಮೇಲೊಂದು ಗುಂಡಿಗಳ ಮಿಶನ್, ಮಕ್ಕಳ ತಲೆಗೆ ಹಾಕುವ ಕಿವಿಮುಚ್ಚಿ, ಒಂದು ಡಬ್ಬಿ, ಬಣ್ಣದ ಮಣಿಗಳು, ಒಂದು ಚಿತ್ರಗಳ ಹಾಳೆ. ಅಮ್ಮಂದಿರು ಕಣ್ಣಿಗೆ ಕಾಣದಿದ್ದರೆ ಮಕ್ಕಳು ರಂಪ ಮಾಡುತ್ತಿದ್ದುದರಿಂದ ಅವರನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಿದ್ದಳು.

"ಇಲ್ಲಿ ನೋಡು ಪುಟ್ಟಾ" ಎಂದು ಜಾಣೆಯ ಮುಖಕ್ಕೆ ಮುಖ ಕೊಟ್ಟು ಹೇಳಿದಳು, "ನಾನು ಹೇಳಿದ ಚಿತ್ರಾನ ನೀನು ಬೆರಳಿಟ್ಟು ತೋರಿಸಬೇಕು. ಆಯ್ತಾ?"

ಜಾಣೆ ತಲೆಯಾಡಿಸಿದಳು. ಎಳೆಗಣ್ಣಿ ಹಿಂದೆ ನಿಂತು ಹೆಮ್ಮೆಯಿಂದ ಕೆಂಚಿಯ ಪಕ್ಕೆ ತಿವಿದಳು.

ಡಾಕ್ಟರಮ್ಮ ಒಂದು ರಟ್ಟನ್ನು ಎತ್ತಿ ತನ್ನ ಬಾಯಿಗೆ ಅಡ್ಡ ಹಿಡಿದಳು. "ಚೆಂಡು."

ಜಾಣೆ ರಟ್ಟನ್ನು ನೋಡಿದಳು.

"ಚೆಂಡು ಎಲ್ಲಿದೆ?"

ಜಾಣೆ ರಟ್ಟಿನ ಆ ಬದಿ, ಈ ಬದಿ ಇಣುಕಿದಳು. ಆಮೇಲೆ, ಇವರೇಕೆ ಬಾಯಿ ಮುಚ್ಚಿಕೊಂಡು ಆಟ ಆಡುತ್ತಿದ್ದಾರೆ ಎಂಬಂತೆ ನಗುತ್ತ ಅಮ್ಮನನ್ನು ನೋಡಿದಳು.

ಮಗ್ಗದ ಸದ್ದಿಲ್ಲದ ಆ ಹಾಲಿನಲ್ಲಿ ಚೆಂಡು ಎಂಬ ಮಾತು ಎಳೆಗಣ್ಣಿಗೆ ಕೇಳಿಸಿತ್ತು. ಕೆಂಚಿಗೂ ಕೇಳಿಸಿತ್ತು. ಕ್ಯಾಮೆರಾದವನಿಗೂ ಕೇಳಿಸಿತ್ತು. ಅಷ್ಟು ವರ್ಷ ಎದುರಿಗೇ ಇದ್ದದ್ದು ಒಂದು ರಟ್ಟಿನ ತುಂಡು ಅಡ್ಡ ಬಂದಾಗ ಕಂಡಿತು. ಕಂಡ ಮರುಗಳಿಗೆಯಲ್ಲೇ ಮೂಲೆಯಲ್ಲಿ ನೂಲು ಸುತ್ತುವ ಹುಡುಗಿಯೂ ಕಣ್ಣಿಗೆ ಕಟ್ಟಿತು. ಯೋಚನೆ ಮಾಡಲು ಹೊತ್ತಿರಲಿಲ್ಲ. ಅವಳ ತುಟಿ ಸದ್ದಿಲ್ಲದೆ 'ಚೆಂಡು' ಎಂದಿತು.

ಜಾಣೆಯ ಬೆರಳು ಸರಕ್ಕನೆ ಚೆಂಡಿನ ಮೇಲೆ ಹೋಯಿತು.

"ಗುಡ್! ಬೆಕ್ಕು?"

ತುಟಿ, ಬೆರಳು. "ಬಾಗಿಲು?" ತುಟಿ, ಬೆರಳು. ಆಮೇಲೆ ಮಿಶನ್ನು. ಸದ್ದು ಕೇಳಿದಾಗಲೆಲ್ಲ ಕಿವಿಯ ಹತ್ತಿರ ಹಿಡಿದ ಮಣಿಯನ್ನು ಡಬ್ಬಿಗೆ ಹಾಕಬೇಕು. ಕಿವಿಮುಚ್ಚಿಯ ಸದ್ದು ಎಳೆಗಣ್ಣಿಗೂ ಕೇಳಿಸದು. ಆದರೆ ಡಾಕ್ಟರಮ್ಮನ ಹೆಬ್ಬೆರಳು ಗುಂಡಿ ಒತ್ತುವುದು ಹಿಂದಿನಿಂದ ಕಾಣುತ್ತಿತ್ತು. ಹರಿದ ಎಳೆಯನ್ನು ದೂರದಿಂದಲೇ ಕಾಣುವ ಕಣ್ಣಿಗೆ ಹೆಬ್ಬೆರಳು ಯಾವ ಲೆಕ್ಕ? ಬೆರಳು ಒತ್ತಿದಾಗ ಅವಳು ಗೋಣು ಹಾಕಿದಳು, ಮಗಳು ಮಣಿ ಹಾಕಿದಳು.

"ಮಗು ಯಾಕೆ ನಿಮ್ಮನ್ನೇ ನೋಡ್ತಿದೆ?" ಡಾಕ್ಟರಮ್ಮ ತಟ್ಟನೆ ತಿರುಗಿದಳು.

"ಅಂಜಿಕೆ ಅಮ್ಮಾ. ನನ್ ಬಿಟ್ಟು ಅಭ್ಯಾಸ ಇಲ್ಲ."

"ಪುಟ್ಟಾ, ನಿನ್ನ ಹೆಸರೇನು?" ಜಾಣೆ ಬಾಯಿ ಆಡಿಸಿದಳು, ದನಿ ಹೊರಡಲಿಲ್ಲ. "ಜೋರಾಗಿ ಹೇಳು." ಜಾಣೆ ಜೋರಾಗಿ ಹೇಳಿದಳು. ಕರು ಕೂಗಿದಂಥ ದನಿ ಬಂತು. ಹಾಲಿನಲ್ಲಿ ಯಾರೋ ಕಿಸಕ್ಕೆಂದರು.

ಸಾಹುಕಾರ ವಾಚು ನೋಡಿಕೊಂಡ. "ಶೆಡ್ಡಿನ ಮಕ್ಳು ಎಲ್ಲಾ ಹಿಂಗೇ ಮೇಡಂ. ಹೆತ್ತೋರಿಗೇ ನೆಟ್ಟಗೆ ಮಾತು ಬರಲ್ಲ, ಇನ್ನು ಅವಕ್ಕೆ ಎಲ್ಲಿಂದ ಬರ್ಬೇಕು? ಶಾಲೆಗೆ ಬಂದ್ರೆ ಸರಿಹೋಗುತ್ತೆ. ಇನ್ನೂ ಎಷ್ಟು ಉಳ್ದಿದಾವೆ ನೋಡಿ."

ಡಾಕ್ಟರಮ್ಮ ಅರೆಮನಸ್ಸಿನಿಂದ ಹೂಂ ಎಂದಳು. ಅರ್ಧ ಸಾಲಿನ ಮಕ್ಕಳೂ ಮುಗಿದಿರಲಿಲ್ಲ. ಉಳಿದವಕ್ಕೆ ಇನ್ನೊಂದು ದಿನ ಬರುವುದೆಂದಾಯಿತು. ಜಾಣೆಯ ಬೆನ್ನಿಗೆ ಚೀಲ ಬಂತು. ಸಾಹುಕಾರ ಅವಳ ತಲೆಯ ಮೇಲೆ ಕೈಯಿಟ್ಟು ನಕ್ಕ. ಫೋಟೋದಲ್ಲಿ ಎಳೆಗಣ್ಣಿಯೂ ಹಲ್ಲು ಬಿಟ್ಟಿದ್ದಾಳೆ.

ದಾರಿಯಲ್ಲಿ ಕೆಂಚಿ ಅವಳ ತೋಳು ಹಿಡಿದು ಎಳೆದಳು. ಅವಳ ಮಗನ ಸರದಿ ಇನ್ನೂ ಬಂದಿರಲಿಲ್ಲ.

"ನಾ ನೋಡ್ದೆ ಕಣೇ ಕಳ್ಳಿ. ಬಾಯಲ್ಲಿ ಹೇಳ್ಕೊಟ್ಯಲ್ಲ?"

"ಸುಮ್ನಿರೇ."

"ಮಿಶನ್ನಿಗೆ ಏನ್ ಮಾಡ್ದೆ? ಹೇಳೇ, ನಿನ್ ಕಾಲಿಗೆ ಬೀಳ್ತೀನಿ. ನನ್ ಮಗನೂ ಕರೆದ್ರೆ ತಿರುಗಲ್ಲ. ಗಂಡುಹುಡ್ಗ, ಪೊಗರು ಅಂದ್ಕೊಂಡಿದ್ದೆ."

ಎಳೆಗಣ್ಣಿ ಹೆಬ್ಬೆರಳಿನ ಗುಟ್ಟು ಹೇಳಿದಳು. ಹೇಳುವಾಗ ಸಂಕಟದ ಜೊತೆಗೆ ಸ್ವಲ್ಪ ಜಂಬವೂ ಇತ್ತೆನ್ನುವುದು ಸುಳ್ಳಲ್ಲ.

*

ವಾರದ ರಜೆಯ ದಿನ ಮಗ್ಗಗಳು ನಿಲ್ಲುತ್ತಿದ್ದವು. ಆ ದಿನ ಸಾಲುಕೋಣೆಗಳಲ್ಲಿ ಎಲ್ಲರ ಕಿವಿಯೊಳಗೂ ಗುಂಯ್ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಜಾಣೆ ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಗೀಚುತ್ತಿದ್ದಳು. ಎಳೆಗಣ್ಣಿ ಅವಳ ಬೆನ್ನ ಹಿಂದೆ ಹೋಗಿ ನಿಂತಳು.

"ಜಾಣೆ."

ಸೀಮೆಸುಣ್ಣ ನಡೆಯುತ್ತಲೇ ಇತ್ತು.

"ಜಾಣೇ! ಏ ಜಾಣೇ!"

ಪಕ್ಕದ ಕೋಣೆಯಿಂದ ಯಾರೋ "ಏನಾಯ್ತೇ?" ಎಂದು ಕೇಳಿದರು. ಮಗಳು ತಿರುಗಲಿಲ್ಲ. ಎಳೆಗಣ್ಣಿ ತಟ್ಟೆ ತೆಗೆದುಕೊಂಡು ಸೌಟಿನಿಂದ ಬಡಿದಳು. ಮಗುವಿನ ಕುತ್ತಿಗೆಯ ಹತ್ತಿರವೇ ಹಿಡಿದು ಬಡಿದಳು. ಕೊನೆಗೆ ಸಿಟ್ಟೋ ಅಳುವೋ ತಿಳಿಯದೆ ಕಾಲನ್ನು ನೆಲಕ್ಕೆ ಅಪ್ಪಳಿಸಿದಾಗ ಮಗಳು ಗಕ್ಕನೆ ತಿರುಗಿದಳು. ಎಳೆಗಣ್ಣಿಗೆ ಹೋದ ಜೀವ ಬಂತು. ಮತ್ತೆ ಕರೆದಳು, ಕಾಲು ಅಪ್ಪಳಿಸದೆ. ತಿರುಗಲಿಲ್ಲ. ನೆಲದ ನಡುಕ ಅವಳ ಅಂಡಿಗೆ ತಾಗಿತ್ತು, ಅಷ್ಟೆ.

ಬಾಗಿಲಲ್ಲಿ ಕೂತಿದ್ದ ಅತ್ತೆ ಇದನ್ನೆಲ್ಲ ನೋಡುತ್ತಿದ್ದಳು. ಕಿವುಡರ ದನಿ ದೊಡ್ಡದು. "ಅದಕ್ಕೂ ನನ್ನಂಗೇ ಆಗಿದೆ. ನಂಗೆ ಯಾವಾಗ್ಲೋ ಗೊತ್ತು."

"ಗೊತ್ತಿದ್ರೆ ಬಾಯಿ ಯಾಕ್ ಬಿಡ್ಲಿಲ್ಲ ಮುದುಕಿ?" ಎಳೆಗಣ್ಣಿ ಅವಳ ಮುಖದ ಮುಂದೆ ಬಂದು ಅಬ್ಬರಿಸಿದಳು.

"ಬಿಟ್ಟು ಏನಾಗ್ಬೇಕಿತ್ತು? ನಿನ್ ಗಂಡನ್ನೂ ಮಗ್ಗದಡಿಲೇ ಮಲಗ್ಸಿದ್ದೆ. ಅವನಿಗೆ ಏನೂ ಆಗ್ಲಿಲ್ಲ. ಇದಕ್ಕೆ ಹುಟ್ಟುತ್ತಲೇ ಹಿಂಗಿತ್ತೋ, ಆ ಬುಟ್ಟೀಲಿ ಆಯ್ತೋ, ಯಾವನಿಗ್ ಗೊತ್ತು?"

ಯಾವನಿಗೂ ಗೊತ್ತಿರಲಿಲ್ಲ. ಅದೇ ಎಳೆಗಣ್ಣಿಯನ್ನು ತಿಂದುಹಾಕಿತು. ತಾನೇ ಬಟ್ಟೆ ಹಾಸಿದ್ದು, ತಾನೇ ಬುಟ್ಟಿಯನ್ನು ಮಗ್ಗದ ಕೆಳಗೆ ತಳ್ಳಿದ್ದು. ಅಳದ ಕೂಸನ್ನು ಕಂಡು ಹೆದರಬೇಕಾದವಳು ಜಾಣೆ ಎಂದು ಊರಿಗೆಲ್ಲ ಸಾರಿದ್ದು. ಹೆತ್ತವಳಿಗೆ ಗೊತ್ತಾಗದೆ ಹೋಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಗೊತ್ತಾಗದೆ ಹೋಗಿತ್ತು. ಗೊತ್ತಾದ ಮೇಲೆ ಮುಚ್ಚಿಟ್ಟಳು. ಮೊದಲನೆಯದಕ್ಕಾದರೂ ಕ್ಷಮೆ ಇದ್ದೀತು, ಎರಡನೆಯದಕ್ಕೆ ಇಲ್ಲ ಎಂದು ಅವಳಿಗೇ ಅನಿಸಿತು.

ಗಂಡ ಎದ್ದಾಗ ಹೇಳಿದಳು. ಅವನು ಮಗಳನ್ನು ನೋಡಿದ, ಗೋಡೆಯನ್ನು ನೋಡಿದ. "ಪಾಸಾಗಿದಾಳಲ್ಲ, ಬಿಡು" ಎಂದ. ಆಮೇಲೆ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದುಹೋದ.

*

ಶಾಲೆ ಶುರುವಾಗಿ ಕೆಲವು ದಿನಕ್ಕೆ ಟೀಚರಮ್ಮ ಹೇಳಿಕಳಿಸಿದಳು. ಎಳೆಗಣ್ಣಿ ಹೋದಾಗ ಜಾಣೆ ತರಗತಿಯ ಬಾಗಿಲ ಬಳಿ ಕಿವಿ ಹಿಡಿದುಕೊಂಡು ನಿಂತಿದ್ದಳು. ಕಿವಿ ಕೆಂಪಗೆ ಊದಿತ್ತು.

"ಏನಮ್ಮಾ, ಇಷ್ಟು ಕೊಬ್ಬು ಬೆಳೆಸಿದೀಯ ಮಗಳಿಗೆ?" ಟೀಚರಮ್ಮ ಸಾಲುಸಾಲು ಮಕ್ಕಳ ಮುಂದೆಯೇ ಕೇಳಿದಳು. "ಕರೆದ್ರೆ ತಿರುಗಲ್ಲ. ಎಲ್ಲರೂ ಪುಸ್ತಕ ತೆಗೆದ್ರೆ ಇವಳು ಪಕ್ಕದೋಳನ್ನ ನೋಡಿ ಆಮೇಲೆ ತೆಗೀತಾಳೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕಿವಿ ಸರಿಯಿಲ್ವೇನೋ ಅಂದ್ಕೊಂಡೆ. ನೋಡಿದ್ರೆ ಟೆಸ್ಟಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದಾಳಂತೆ! ಅಂದ್ಮೇಲೆ ಬೇಕೂಂತಲೇ ಮಾಡೋದು ತಾನೆ?"

ಈಗ ಹೇಳಿಬಿಡಬೇಕು, ಎಳೆಗಣ್ಣಿ ಎಂದುಕೊಂಡಳು. ಬಾಯಿಯವರೆಗೂ ಬಂತು. ಹೇಳಿದರೆ ಚೀಲ ವಾಪಸ್ಸು, ಮಗಳು ಮೂಲೆಗೆ.

"ಮಾತಾಡಮ್ಮ. ನಿಂಗೂ ಕೇಳ್ಸಲ್ವಾ?" ಮಕ್ಕಳು ಘೊಳ್ಳೆಂದರು.

"ಇನ್ನೆರಡು ಬಿಡಿ ಮೇಡಂ" ಎಂದುಬಿಟ್ಟಳು ಎಳೆಗಣ್ಣಿ. "ಬುದ್ಧಿ ಬರ್ಲಿ."

ಅವಳೇ ಆಡಿದ ಮಾತು. ಜಾಣೆ ಅದನ್ನು ಅಮ್ಮನ ತುಟಿಯ ಮೇಲೆ ಓದಿದಳು. ಅಳಲಿಲ್ಲ. ಎಂದೂ ಅಳದ ಮಗು. ಸುಮ್ಮನೆ ಇನ್ನೊಂದು ಕಿವಿಯನ್ನೂ ಹಿಡಿದುಕೊಂಡಳು.

ಮನೆಯ ದಾರಿಯಲ್ಲಿ ಅವಳು ಅಮ್ಮನ ಕೈ ಜಗ್ಗಿ ನಿಲ್ಲಿಸಿ, ಮುಖ ಎತ್ತಿ, ಸದ್ದಿಲ್ಲದ ಬಾಯಲ್ಲಿ ಕೇಳಿದಳು: "ಅಮ್ಮಾ, ಟೀಚರ್ ಗೋಡೆ ಕಡೆ ತಿರುಗಿ ಬರೀತಾರೆ. ಮಾತೇ ಆಡಲ್ಲ. ಆಮೇಲೆ ತಿರುಗಿ ಹೊಡೀತಾರೆ. ಯಾಕಮ್ಮಾ?"

ಎಳೆಗಣ್ಣಿ ರಸ್ತೆಯಲ್ಲೇ ಕುಸಿದು ಕೂತಳು. ಮಗಳನ್ನು ಎದೆಗೆ ಒತ್ತಿಕೊಂಡು "ಪಾಪಿ ನಾನು, ಪಾಪಿ ನಾನು" ಎಂದು ಬಡಬಡಿಸಿದಳು. ಎದೆಗೆ ಮುಖ ಹುದುಗಿದ್ದ ಮಗಳಿಗೆ ಅದು ಕಾಣಿಸಲಿಲ್ಲ.

*

ಸಾಹುಕಾರನ ಕೋಣೆ ಶೆಡ್ಡಿನ ಒಳಗೇ ಇತ್ತು. ದಪ್ಪ ಗಾಜು, ಬಾಗಿಲಿಗೆ ಸುತ್ತ ರಬ್ಬರು ಪಟ್ಟಿ. ಬಾಗಿಲು ಮುಚ್ಚಿಕೊಂಡರೆ ಮಗ್ಗಗಳು ಗಾಜಿನ ಆಚೆ ಸುಮ್ಮನೆ ಕೈಕಾಲು ಆಡಿಸುವ ಗೊಂಬೆಗಳಾಗಿ ಕಾಣುತ್ತಿದ್ದವು. ಎಳೆಗಣ್ಣಿ ಅಲ್ಲಿಗೆ ಬಂದದ್ದು ಅದೇ ಮೊದಲು.

"ಸಾಮಿ, ಮಗೂನ ದೊಡ್ಡಾಸ್ಪತ್ರೆಗೆ ತೋರಿಸ್ಬೇಕು, ರಜ..."

"ಕಿರುಚಬೇಡ. ನಾನೇನು ಕಿವುಡನಾ?"

ಅವಳು ದನಿ ಇಳಿಸಿದಳು. ಎಷ್ಟು ಇಳಿಸಬೇಕೆಂದು ತಿಳಿಯದೆ ಪಿಸುಗುಟ್ಟಿದಳು. ಬುಟ್ಟಿ, ಚೆಂಡು, ಹೆಬ್ಬೆರಳು, ಎಲ್ಲವನ್ನೂ ಹೇಳಿದಳು. ಸಾಹುಕಾರ ನಡುವೆ ಬಾಯಿ ಹಾಕದೆ ಕೇಳಿದ. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ.

"ಶೆಡ್ಡಿನ ಬಾಗಿಲಲ್ಲಿ ಬೋರ್ಡು ಹಾಕ್ಸಿದೀನಿ. ಮಕ್ಕಳನ್ನ ಒಳಗೆ ತರಬಾರದು ಅಂತ. ನೋಡಿದೀಯ?"

"ಓದೋಕೆ ಬರಲ್ಲ ಸಾಮಿ."

"ಬರದಿದ್ರೂ ಅದು ಬೋರ್ಡೇ ತಾನೆ? ನೀನು ತಂದೆ, ಪಾಪ ಅಂತ ನಾನು ಕಣ್ಣು ಮುಚ್ಕೊಂಡೆ. ಈಗ ಹೇಳು, ಮಗೂನ ಮಗ್ಗದಡಿ ಮಲಗಿಸಿದ್ದು ಯಾರು? ನಾನಾ?"

"ನಾನು."

"ಡಾಕ್ಟರಿಗೆ ಟೋಪಿ ಹಾಕಿದ್ದು?"

"ನಾನು."

"ಮತ್ತೆ ಯಾರ ಹತ್ರ ಬಂದು ಅಳ್ತಿದೀಯ?" ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ನೋಡು, ಪೇಪರಿನಲ್ಲಿ ನಿನ್ನ ಮಗಳ ಫೋಟೋ ಬಂದಿದೆ. ಶೆಡ್ಡಿನ ಮಕ್ಕಳೆಲ್ಲ ಚೆನ್ನಾಗಿದಾವೆ ಅಂತ ಬಂದಿದೆ. ಈಗ ನೀನು ಹೋಗಿ ಕಿವುಡು ಅಂದ್ರೆ, ಯಾಕೆ ಕಿವುಡು ಅಂತ ಕೇಳ್ತಾರೆ. ಬುಟ್ಟಿ ಕಥೆ ಬರುತ್ತೆ. ಅಧಿಕಾರಿಗಳು ಬರ್ತಾರೆ, ಶೆಡ್ಡಿಗೆ ಬೀಗ. ಇಷ್ಟು ಜನರ ಹೊಟ್ಟೆ ಮೇಲೆ ಹೊಡೆದೋಳು ಅನ್ನಿಸ್ಕೊಳ್ತೀಯಾ? ನಾಳಿದ್ದು ಉಳಿದ ಮಕ್ಕಳ ಟೆಸ್ಟಿದೆ. ಅವತ್ತು ನೀನು ಶೆಡ್ಡು ಬಿಟ್ಟು ಅಲ್ಲಾಡಬೇಡ."

ಗಾಜಿನ ಆಚೆಯಿಂದ ಮೇಸ್ತ್ರಿ ಅವಳನ್ನೇ ನೋಡುತ್ತಿದ್ದ. ಅವಳು ಹೊರಗೆ ಬಂದಳು. ಮಗ್ಗಗಳ ಸದ್ದು ಮುಖಕ್ಕೆ ಹೊಡೆಯಿತು. ಸಾಹುಕಾರ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ ಎನ್ನುವುದೇ ಅವಳಿಗೆ ಹೆಚ್ಚು ಉರಿಯಿತು. ಮಲಗಿಸಿದವಳು ಅವಳೇ. ಆದರೆ ಹಾಲೂಡಿಸಲು ಮನೆಗೆ ಹೋಗಿಬರುತ್ತೇನೆ ಎಂದು ಕೇಳಿದಾಗ "ಹಂಗಾದ್ರೆ ಮನೇಲೇ ಇರು, ಮಗ್ಗಕ್ಕೆ ಬೇರೆಯೋಳು ಬರ್ತಾಳೆ" ಎಂದು ಮೇಸ್ತ್ರಿ ಕೈಯಲ್ಲಿ ಬಾಗಿಲು ತೋರಿಸಿದ್ದು ಅವಳಿಗೆ ನೆನಪಿತ್ತು. ಒಳಗೆ ಅದನ್ನು ಹೇಳಲು ಆಗಿರಲಿಲ್ಲ. ತಪ್ಪು ಮಾಡಿದವಳ ಬಾಯಿಗೆ ಅಷ್ಟು ಬೇಗ ಮಾತು ಬರುವುದಿಲ್ಲ.

*

ಟೆಸ್ಟಿನ ದಿನ ಎಳೆಗಣ್ಣಿ ಮಗ್ಗ ನಿಲ್ಲಿಸಿ ಹೊರಟಳು. "ಎಲ್ಲಿಗೇ ಲೌಡಿ?" ಎಂದು ಮೇಸ್ತ್ರಿಯ ಬಾಯಿ ಕೇಳಿತು. ಅವಳು ಆ ಕಡೆ ಮುಖ ತಿರುಗಿಸಿಕೊಂಡಳು. ನೋಡದಿದ್ದರೆ ಕೇಳಿಸದು.

ತರಗತಿಯಿಂದ ಮಗಳ ಕೈ ಹಿಡಿದು ಎಳೆದುಕೊಂಡು ಹಾಲಿನ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಡಾಕ್ಟರಮ್ಮನ ಎದುರು ಕುರ್ಚಿಯಲ್ಲಿ ಕೆಂಚಿಯ ಮಗ. ಡಾಕ್ಟರಮ್ಮನ ಬೆನ್ನ ಹಿಂದೆ ಕೆಂಚಿ. ಕೆಂಚಿಯ ತುಟಿ ಆಡುತ್ತಿತ್ತು. ಅವಳ ಪಕ್ಕದವಳು ಮುಂದಿನ ಸರದಿಗೆ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದಳು. ಅವಳ ಹಿಂದಿನವಳು ಕತ್ತು ಚಾಚಿ ಡಾಕ್ಟರಮ್ಮನ ಹೆಬ್ಬೆರಳನ್ನು ಅಭ್ಯಾಸ ಮಾಡುತ್ತಿದ್ದಳು. ಗೋಡೆಯುದ್ದಕ್ಕೂ ತಾಯಂದಿರು. ಎಲ್ಲರಿಗೂ ಗುಟ್ಟು ತಿಳಿದಿತ್ತು. ಎಳೆಗಣ್ಣಿಯ ಗುಟ್ಟು. ಬೆಂಚಿನ ಮೇಲೆ ಈ ಸಲ ಒಂದು ಮಗುವೂ ಇರಲಿಲ್ಲ. ಹೂದಾನಿ, ಚೀಲಗಳು ತುಂಬಿದ ಮೇಜಿನ ಹಿಂದೆ ಸಾಹುಕಾರ ಕೂತು ನಗುತ್ತಿದ್ದ.

"ಡಾಕ್ಟರಮ್ಮಾ!"

ಶೆಡ್ಡಿನ ದನಿ. ಹಾಲೆಲ್ಲ ಬೆಚ್ಚಿಬಿತ್ತು. ಕುರ್ಚಿಯ ಮೇಲಿನ ಹುಡುಗ ಮಾತ್ರ ಅವನ ಅಮ್ಮನ ಬಾಯನ್ನೇ ನೋಡುತ್ತಿದ್ದ.

"ನನ್ ಮಗಳಿಗೆ ಕೇಳ್ಸಲ್ಲ. ಆವತ್ತು ನಿಮ್ ಹಿಂದೆ ನಿಂತು ಹೇಳ್ಕೊಟ್ಟಿದ್ದು ನಾನು. ಈಗ ತಿರುಗಿ ನೋಡಿ, ಎಲ್ರೂ ಹೇಳ್ಕೊಡ್ತಿದಾರೆ."

ಡಾಕ್ಟರಮ್ಮ ತಿರುಗಿದಳು. ಅಷ್ಟೂ ಬಾಯಿಗಳು ಒಟ್ಟಿಗೆ ಮುಚ್ಚಿಕೊಂಡವು. ಹೆಂಗಸರು ನೆಲ ನೋಡಿದರು.

"ಇವಳಿಗೆ ತಲೆ ನೆಟ್ಟಗಿಲ್ಲ ಮೇಡಂ" ಎಂದು ಸಾಹುಕಾರ ಎದ್ದ. "ಏಯ್, ಯಾರಲ್ಲಿ? ಮೇಸ್ತ್ರೀನ ಕರೀರಿ. ನಾಳೆಯಿಂದ ನೀನು ಶೆಡ್ಡಿನ ಕಡೆ ತಲೆ ಹಾಕ್ಬೇಡ. ಮನೆ ಖಾಲಿ ಮಾಡು."

ಅದಕ್ಕಿಂತ ಕೆಂಚಿಯ ಬಾಯಿ ಜೋರಿತ್ತು. "ನಿನ್ ಮಗ್ಳು ಒಳಗೆ ಸೇರ್ಕೊಂಡ್ಲು. ಈಗ ನನ್ ಮಗನ್ ಬಾಯಿಗೆ ಮಣ್ಣು ಹಾಕೋಕೆ ಬಂದ್ಯಾ ಹಾದರಗಿತ್ತಿ? ಹೇಳ್ಕೊಟ್ಟೋಳೂ ನೀನೇ, ಹಿಡ್ಕೊಡೋಳೂ ನೀನೇ. ನಿನ್ ವಂಶ ನಾಶ ಆಗ!"

ಎಳೆಗಣ್ಣಿ ತಲೆ ಎತ್ತಲಿಲ್ಲ. ಕೆಂಚಿ ಹೇಳಿದ್ದೂ ನಿಜವೇ. ಈಗ ಗುಟ್ಟು ಬಿಟ್ಟುಕೊಟ್ಟರೆ ಈ ಮಕ್ಕಳೆಲ್ಲ ಎಲ್ಲಿಗೆ ಹೋಗುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಬಿಟ್ಟುಕೊಡದಿದ್ದರೆ ಎಲ್ಲಿಗೆ ಹೋಗುತ್ತವೆಂದು ಮಗಳ ಊದಿದ ಕಿವಿ ಹೇಳಿತ್ತು.

ಅವಳು ನೆಟ್ಟಗೆ ಸಾಹುಕಾರನ ಮೇಜಿಗೆ ಹೋದಳು. ಮೇಜಿನ ಮೇಲೆ ಹಾಸಿದ್ದ ಬಿಳಿ ಬಟ್ಟೆಯ ಎರಡು ಮೂಲೆ ಹಿಡಿದು ಜಗ್ಗಿದಳು. ಹೂದಾನಿ ಬಿದ್ದು ಚೂರಾಯಿತು, ಚೀಲಗಳು ಉರುಳಿದವು, ನೀರು ಸಾಹುಕಾರನ ಪ್ಯಾಂಟಿನ ಮೇಲೆ ಹರಿಯಿತು. "ಬೋಳಿಮಗಳೇ!" ಎಂದ ಅವನ ದನಿ ಅವಳಿಗೆ ಚೆನ್ನಾಗಿಯೇ ಕೇಳಿಸಿತು. ಬಟ್ಟೆಯನ್ನು ಹೊತ್ತು ಬಂದು ಡಾಕ್ಟರಮ್ಮನ ಬೆನ್ನ ಹಿಂದೆ, ತಾಯಂದಿರಿಗೆ ಅಡ್ಡವಾಗಿ ಎರಡೂ ತೋಳು ಅಗಲಿಸಿ ಎತ್ತಿ ಹಿಡಿದಳು. ಬಟ್ಟೆಯ ಆಚೆ ಅವರೆಲ್ಲ, ಈಚೆ ಮಕ್ಕಳು.

"ಮೊದ್ಲು ನನ್ ಮಗ್ಳು. ಕೂರ್ಸಿ."

ಒಳಗೆ ಬಂದ ಮೇಸ್ತ್ರಿ ಅವಳ ರಟ್ಟೆಗೆ ಕೈ ಹಾಕಿದ. "ಅವರನ್ನ ಮುಟ್ಟಬೇಡಿ" ಎಂದಳು ಡಾಕ್ಟರಮ್ಮ. ಕೆಂಚಿಯ ಮಗನನ್ನು ಇಳಿಸಿ ಜಾಣೆಯನ್ನು ಕೂರಿಸಿ, ತಲೆಗೆ ಕಿವಿಮುಚ್ಚಿ ಹಾಕಿದಳು. ಕೈಗೆ ಮಣಿ ಕೊಟ್ಟಳು. ಜಾಣೆಗೆ ಆಟ ನೆನಪಿತ್ತು. ಮಣಿಯನ್ನು ಕಿವಿಯ ಹತ್ತಿರ ಹಿಡಿದು, ತಲೆ ಎತ್ತಿ, ಬಟ್ಟೆಯ ಮೇಲೆ ಕಾಣುತ್ತಿದ್ದ ಅಮ್ಮನ ಮುಖವನ್ನು ನೋಡುತ್ತ ಗೋಣಿಗಾಗಿ ಕಾದಳು.

ಹೆಬ್ಬೆರಳು ಗುಂಡಿ ಒತ್ತಿತು. ಎಳೆಗಣ್ಣಿಯ ಕತ್ತು ತಾನಾಗಿಯೇ ಬಾಗಲು ಹೊರಟಿತು. ಅವಳು ಹಲ್ಲು ಕಚ್ಚಿ, ತೋಳನ್ನು ಇನ್ನೂ ಮೇಲೆತ್ತಿ, ಬಟ್ಟೆಯಲ್ಲಿ ತನ್ನ ಮುಖವನ್ನೂ ಮುಚ್ಚಿಕೊಂಡಳು.

ಡಾಕ್ಟರಮ್ಮ ತಿರುವುಗುಂಡಿಯನ್ನು ಏರಿಸಿದಳು. ಒತ್ತಿದಳು. ಮತ್ತೆ ಏರಿಸಿದಳು. ಬೈಗುಳ ನಿಂತಿತ್ತು.

ಗುಂಡಿ ಕೊನೆ ಮುಟ್ಟಿತು. ಕಿವಿಮುಚ್ಚಿಯಿಂದ ಸೋರಿದ ಕೀರಲು ಸದ್ದು ಈಗ ಬಟ್ಟೆಯ ಆಚೆ ನಿಂತವರಿಗೂ, ಕೈ ತೆಗೆದು ನಿಂತ ಮೇಸ್ತ್ರಿಗೂ, ಪ್ಯಾಂಟು ಒರೆಸಿಕೊಳ್ಳುತ್ತಿದ್ದ ಸಾಹುಕಾರನಿಗೂ ಕೇಳಿಸುತ್ತಿತ್ತು. ಜಾಣೆ ಬಿಳಿ ಬಟ್ಟೆಯನ್ನೇ ನೋಡುತ್ತ ಕೂತಿದ್ದಳು. ಮಣಿ ಕಿವಿಯ ಹತ್ತಿರವೇ ಇತ್ತು.